ಅಜ್ಜಿಯ ಪಾನಕ

ರಾಯಲ್ಪಾಡಿನ ನಮ್ಮ ಮನೆಯಲ್ಲಿ ರಾಮನವಮಿಯೆಂದರೆ ಅಜ್ಜಿಯ ಪಾನಕ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ, ಮೆಣಸು, ಚಿಟಿಕೆ ಒಣಶುಂಠಿ—ಇಷ್ಟೆ. ಶ್ರೀನಿವಾಸಪುರದ ಸೀಮೆಯ ತೋಪುಗಳಲ್ಲಿ ಮಾವು ಕಾಯಿಗಟ್ಟುವ ಚೈತ್ರದ ಬಿಸಿಲಿನಲ್ಲಿ ದಾರಿಹೋಕರನ್ನೆಲ್ಲ ಕರೆದು ಕೊಡುತ್ತಿದ್ದಳು. ಅವಳು ಹೋದಮೇಲೂ ಅದೇ ಕೊಳಗ, ಅದೇ ಅಳತೆ. ಮೊದಲ ಗುಟುಕಿಗೆ ಅವಳೇ ಎದುರು ನಿಂತಂತಾಗುತ್ತದೆ.

ಆದರೆ ನೆನಪು ಸಿಹಿಯನ್ನಷ್ಟೇ ಹೊತ್ತು ತರುವುದಿಲ್ಲ. ಕೆಲವರಿಗೆ ಲೋಟ, ಕೆಲವರಿಗೆ ಮೇಲಿನಿಂದ ಬೊಗಸೆಗೆ ಸುರಿಯುವುದು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತ್ತು. ನಮ್ಮ ಜಗಲಿಗೆ ಅದಿನ್ನೂ ಮುಟ್ಟಿರಲಿಲ್ಲ. ಅಜ್ಜಿ ತನ್ನ ಅತ್ತೆ ಮಾಡಿದಂತೆ ಮಾಡಿದಳು, ನಿಜ. ಹಾಗೆಂದು ಬೊಗಸೆಯೊಡ್ಡಿದವನ ಅವಮಾನ ಕಡಮೆಯಾದೀತೆ?

ಹಿರಿಯರ ಆಚಾರವನ್ನು ಇದ್ದಂತೆಯೇ ನಡೆಸುವುದು ಗೌರವವೆನ್ನುವವರಿದ್ದಾರೆ. ಹಾಗಾದರೆ ಅವರ ತಪ್ಪಿಗೂ ನಾವೇ ವಾರಸುದಾರರು. ತಪ್ಪಿತ್ತೆಂದು ಪಾನಕವನ್ನೇ ಬಿಟ್ಟರೆ, ಬಾಯಾರಿದವನನ್ನು ಕೂಗಿ ಕರೆದ ಅವಳ ಔದಾರ್ಯವೂ ಹೋಗುತ್ತದೆ. ಬಾಯಾರಿಕೆಗೆ ಜಾತಿಯಿಲ್ಲವೆಂದು ಅರಿತೇ ಅಲ್ಲವೆ ಅವಳು ಎಲ್ಲರನ್ನೂ ಕರೆದದ್ದು? ಆ ಅರಿವನ್ನು ಕೊನೆಯವರೆಗೆ ನಡೆಸುವುದಷ್ಟೇ ನಮಗೆ ಉಳಿದ ಕೆಲಸ.

ಈಗಲೂ ಬೆಲ್ಲದ ಅಳತೆ ಅವಳದೇ. ಲೋಟ ಮಾತ್ರ ಎಲ್ಲರಿಗೂ ಒಂದೇ. ಅವಳು ಒಪ್ಪುತ್ತಿದ್ದಳೋ ಇಲ್ಲವೋ, ಹೇಳಲಾರೆ. ಕೊಡುವಾಗ ಅವಳನ್ನು ನೆನೆದೇ ಕೊಡುತ್ತೇನೆ.