ಹೆಪ್ಪಿನ ಹನಿ

ಘಟ್ಟದ ಅಂಚಿನ ನಮ್ಮ ಅಕ್ಕನ ಮನೆಗೆ ಕರೆಂಟಿನ ಕಂಬ ಬಂದದ್ದೇ ತಡವಾಗಿ. ಬಂದ ಮೇಲೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಅದಕ್ಕೇ ಭಾವ ತೋಟದ ಹಳೆಯ ಎರಡು ಎಚ್.ಪಿ. ಪಂಪಿನ ಮೋಟಾರನ್ನು ಗುಜರಿಗೆ ಹಾಕದೆ ಹಳ್ಳದ ದಂಡೆಗೆ ಒಯ್ದರು. ಗುಡ್ಡದಿಂದ ಪೈಪಿನಲ್ಲಿ ಇಳಿದ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಬೆಲ್ಟಿನಿಂದ ಮೋಟಾರನ್ನು ತಿರುಗಿಸುತ್ತದೆ. ಕರೆಂಟು ತಿಂದು ನೀರೆತ್ತುತ್ತಿದ್ದ ಯಂತ್ರ ಈಗ ನೀರಿನ ಬಲದಿಂದ ಕರೆಂಟು ಕೊಡುತ್ತದೆ.

“ಯಂತ್ರ ಅದೇ ಮಾರಾಯ್ತಿ,” ಎಂದು ಭಾವ ಮೋಟಾರಿನ ಮೇಲಿನ ತಗಡು ತೋರಿಸಿದರು. ನಿಮಿಷಕ್ಕೆ 1440 ಸುತ್ತು ಎಂದಿತ್ತು. “ಇದು ಕರೆಂಟು ತೆಗೆದುಕೊಳ್ಳುವಾಗಿನ ವೇಗ. ಕೊಡಬೇಕಾದರೆ 1500 ದಾಟಬೇಕು.” ಕೊಡುವವರೇ ಹೆಚ್ಚು ಸುತ್ತಬೇಕು ಎಂಬುದನ್ನು ತಿಳಿಯಲು ನನಗೆ ತಗಡು ಬೇಕಿರಲಿಲ್ಲ, ಅಡುಗೆಮನೆಯಲ್ಲಿ ಅಕ್ಕನಿದ್ದಳು.

ಈ ಮೋಟಾರಿನೊಳಗೆ ಬೇರೆ ಅಯಸ್ಕಾಂತ ಇರುವುದಿಲ್ಲವಂತೆ. ಹಿಂದೆ ಕರೆಂಟು ಹರಿದ ನೆನಪಿಗೆ ಕಬ್ಬಿಣದಲ್ಲಿ ಚೂರೇ ಚೂರು ಕಾಂತಶಕ್ತಿ ಉಳಿದಿರುತ್ತದೆ. ಚಕ್ರ ತಿರುಗಿದಾಗ ಅದರಿಂದ ತುಸು ಕರೆಂಟು ಹುಟ್ಟಿ, ಕೆಪಾಸಿಟರುಗಳ ನೆರವಿನಿಂದ ಸುರುಳಿಗೇ ಮರಳಿ, ಕಾಂತಶಕ್ತಿಯನ್ನು ಬೆಳೆಸುತ್ತದೆ. ನಮ್ಮ ಮೊಸರಿನ ಹೆಪ್ಪಿನ ಹಾಗೆಯೇ. ಒಂದು ಹನಿ ಉಳಿದಿದ್ದರೆ ನಾಳೆ ಪಾತ್ರೆ ತುಂಬ ಮೊಸರು.

2018ರ ದೀಪಾವಳಿಗೆ ಅಲ್ಲಿ ಮನೆ ತುಂಬ ಜನ. ಊರಿನ ಕರೆಂಟು ಹೋಗಿತ್ತು. ಭಾವನ ಮೋಟಾರೇ ಗತಿ. ಅದು ಕೊಡುವುದು ಸಾವಿರ ವ್ಯಾಟಿಗೂ ಕಡಿಮೆ. ದೀಪಗಳೆಲ್ಲ ಉರಿಯುತ್ತಿರುವಾಗ ನಾನು ಸೀರೆಗೆಂದು ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಚುಚ್ಚಿದೆ. ದೀಪಗಳು ಕೆಂಪಗಾಗಿ ಆರಿಹೋದವು.

ಟಾರ್ಚ್ ಹಿಡಿದು ಭಾವನ ಹಿಂದೆ ಹೋದೆ. ಚಕ್ರ ನಿಂತಿರಲಿಲ್ಲ, ಹೊರೆ ತಪ್ಪಿದ್ದರಿಂದ ಮೊದಲಿಗಿಂತ ಜೋರಾಗಿ ತಿರುಗುತ್ತಿತ್ತು. ಬೆಳಕು ಮಾತ್ರ ಇಲ್ಲ. “ಇದರ ಸ್ವಭಾವವೇ ಹಾಗೆ,” ಎಂದರು ಭಾವ. “ಅಳತೆ ಮೀರಿ ಕೇಳಿದರೆ ಸುಟ್ಟುಕೊಳ್ಳುವುದಿಲ್ಲ, ಕೈಬಿಡುತ್ತದೆ. ಒಮ್ಮೊಮ್ಮೆ ಒಳಗಿನ ಆ ಚೂರೂ ಹೋಗಿಬಿಡುತ್ತದೆ.” ನೀರು ಕಟ್ಟಿ, ಜೀಪಿನ ಬ್ಯಾಟರಿಯ ತಂತಿಗಳನ್ನು ಸುರುಳಿಗೆ ಒಂದು ಗಳಿಗೆ ಮುಟ್ಟಿಸಿ, ಮತ್ತೆ ನೀರು ಬಿಟ್ಟರು. ಪಕ್ಕದ ಮನೆಯಿಂದ ಹೆಪ್ಪು ತಂದಂತಾಯಿತು.

ಮರಳಿ ಬಂದಾಗ ದೀಪ ಬಂದಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅಕ್ಕ ಸೊಂಟ ಹಿಡಿದು ಏಳುತ್ತಾ, “ಇನ್ನೊಂದು ಗಳಿಗೆ ಬಾರದಿದ್ದರೂ ಆಗುತ್ತಿತ್ತು” ಎಂದಳು. ತಮಾಷೆಗೆಂಬಂತೆ ಹೇಳಿದಳು. ನನಗೆ ನಗು ಬರಲಿಲ್ಲ. ಎಷ್ಟೋ ವರ್ಷ ದಸರಾ ರಜೆಗೆ ನನ್ನ ಮಕ್ಕಳನ್ನು ಅವಳ ಬಳಿ ಬಿಟ್ಟು ನಾನು ಹಾಯಾಗಿದ್ದವಳು. ‘ಸಾಧ್ಯವಾ?’ ಎಂದು ಒಮ್ಮೆಯೂ ಕೇಳಿರಲಿಲ್ಲ.

ಗಂಧದ ಕೊರಡಿನಂತೆ ತೇಯ್ದವಳು ಎಂದು ನಾವು ಹೆಂಗಸನ್ನು ಹೊಗಳುತ್ತೇವೆ. ಕೊರಡಿಗೆ ನೋಯುತ್ತದೆಯೇ ಎಂದು ಕೇಳುವುದಿಲ್ಲ. ‘ಇನ್ನು ನನ್ನಿಂದಾಗದು’ ಎಂದವಳು ಮಾತ್ರ ಸ್ವಾರ್ಥಿ. ಆದರೆ ಹೆಪ್ಪಿಗೆಂದು ಒಂದು ಚಮಚ ತೆಗೆದಿಡುವವಳನ್ನು ಜಿಪುಣಿ ಎನ್ನುವವರುಂಟೇ? ಅದು ನಾಳೆ ಬಡಿಸುವುದಕ್ಕೇ ಅಲ್ಲವೇ?

ಈ ಮಾತನ್ನು ಸೋಮಾರಿತನಕ್ಕೆ ಹೊದಿಕೆಯಾಗಿಯೂ ಬಳಸಬಹುದು, ನನಗೆ ಗೊತ್ತು. ರಾತ್ರಿ ಅಳುವ ಮಗುವಿಗೆ ‘ನನ್ನ ಅಳತೆ ಮುಗಿಯಿತು’ ಎನ್ನಲಾಗದು. ತನ್ನ ಅಳತೆ ಯಾವುದು ಎಂದು ಕೊಡುವವಳಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಚಕ್ರ ತಿರುಗುತ್ತಲೇ ಇರುತ್ತದಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತಾಳೆ. ಆದ್ದರಿಂದ ಅಳತೆ ನೋಡುವ ಜವಾಬ್ದಾರಿ ಅವಳೊಬ್ಬಳದಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟವರದು ಇನ್ನೂ ಹೆಚ್ಚು. ಆ ರಾತ್ರಿ ಅದು ನನ್ನ ಕೈ.

ಮುಂದಿನ ದಸರಾಕ್ಕೆ ಹಟ ಹಿಡಿದು ಅಕ್ಕನನ್ನೇ ನಮ್ಮ ಮನೆಗೆ ಕರೆಸಿಕೊಂಡೆ. ಎರಡು ದಿನ ಬರೀ ಮಲಗಿದಳು. ಯಾರೂ ಎಬ್ಬಿಸಲಿಲ್ಲ. ಮೂರನೆಯ ದಿನ ಸಂಜೆ ತಾನಾಗಿ ಅಡುಗೆಮನೆಗೆ ಬಂದು, “ಹೆಪ್ಪು ಎಲ್ಲಿಟ್ಟಿದ್ದೀಯೇ?” ಎಂದಳು.