ಎರಡು ಎಕರೆ ಹಿಪ್ಪುನೇರಳೆ

ಶಿಡ್ಲಘಟ್ಟದ ಆಚೆಯ ಹಳ್ಳಿಯ ರೇಷ್ಮೆ ಬೆಳೆಗಾರರೊಬ್ಬರು ಒಂದು ಸಂಜೆ ಗುರುನಿವಾಸಕ್ಕೆ ಬಂದರು. ಅವರ ಏಳು ವರ್ಷದ ಮಗಳ ಕಣ್ಣು ಓರೆಯಾಗಿತ್ತು, ನಡಿಗೆ ತೂರಾಡುತ್ತಿತ್ತು. ಬೆಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದಾಗ ಮೆದುಳಿನ ಕಾಂಡದಲ್ಲಿ ಗೆಡ್ಡೆ ಕಂಡಿತ್ತು. ಪರ ಊರಿನ ಯಾರೋ ಒಬ್ಬರು ಪೂರ್ತಿ ಗುಣಪಡಿಸುವುದಾಗಿ ಹೇಳಿ ಆರು ಲಕ್ಷ ಕೇಳಿದ್ದರಂತೆ. “ಸ್ವಾಮಿ, ಎರಡು ಎಕರೆ ಹಿಪ್ಪುನೇರಳೆ ಇದೆ. ಮಾರದಿದ್ದರೆ ನಾನೆಂಥ ತಂದೆ?” ಎಂದರು. ಗುರುಮಠದಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದ ನಾನು ಅಂದು ಮೌನವಾಗಿದ್ದೆ.

ಡಿ.ಐ.ಪಿ.ಜಿ. ಎಂಬ ಈ ಅಪರೂಪದ ಗೆಡ್ಡೆ ಹೆಚ್ಚಾಗಿ ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ತೋಟದಲ್ಲಿ ಗರಿಕೆಯ ಬೇರು ಹಬ್ಬಿದಂತೆ ಅದು ಜೀವಾಧಾರವಾದ ನರಗಳ ನಡುವೆ ಹರಡಿಕೊಳ್ಳುವುದರಿಂದ ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದು. ಸುಮಾರು ಆರು ವಾರಗಳ ವಿಕಿರಣ ಚಿಕಿತ್ಸೆಯಿಂದ ಅನೇಕ ಮಕ್ಕಳು ಕೆಲವು ತಿಂಗಳು ಚೇತರಿಸಿಕೊಳ್ಳುತ್ತಾರೆ; ಬಳಿಕ ರೋಗ ಮರಳುತ್ತದೆ. ಎರಡು ವರ್ಷ ದಾಟುವವರು ನೂರಕ್ಕೆ ಸುಮಾರು ಹತ್ತು ಮಂದಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗರ ಪುಟ್ಟ ಮಗಳು 1962ರಲ್ಲಿ ತೀರಿಕೊಂಡದ್ದೂ ಇದೇ ರೋಗದಿಂದ. ಈ ಕುಲದ ಗೆಡ್ಡೆ ಉಲ್ಬಣಿಸಿದವರಿಗಾಗಿ ಅಮೆರಿಕವು 2025ರ ಆಗಸ್ಟ್‌ನಲ್ಲಿ ಡೋರ್ಡಾವಿಪ್ರೋನ್ ಎಂಬ ಔಷಧಕ್ಕೆ ಒಪ್ಪಿಗೆ ನೀಡಿತು; ಅದೂ ಬೇರುಸಹಿತ ಗುಣಪಡಿಸುವ ಮದ್ದಲ್ಲ.

1957ರ ನವೆಂಬರ್ 24ರಂದು ಪೋಪ್ ಹನ್ನೆರಡನೇ ಪಿಯುಸರು ಅರಿವಳಿಕೆ ತಜ್ಞರಿಗೆ ಮಾಡಿದ ಭಾಷಣದಲ್ಲಿ, ಜೀವವುಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ತನಗಾಗಲಿ ಇತರರಿಗಾಗಲಿ ಅತಿಭಾರವಾಗುವ ಉಪಾಯಗಳು ಕಡ್ಡಾಯವಲ್ಲ ಎಂದರು. ಈ ಬೋಧನೆಯನ್ನು ನಾನು ಒಪ್ಪುತ್ತೇನೆ, ಆದರೆ ಅದಕ್ಕೆ ಅಂಜುತ್ತೇನೆ ಕೂಡ. ಬಡವನ ಮಗುವಿಗೆ ಎಲ್ಲವೂ “ಅತಿಭಾರ”ವೇ ಅಲ್ಲವೇ? ಉಳ್ಳವರು ಹೀಗೆ ತೂಗಿ ನೋಡಬೇಕಾಗುವುದೇ ಅಪರೂಪ.

ಆದ್ದರಿಂದ ಮೊದಲು ವಿಕಿರಣ ಚಿಕಿತ್ಸೆಯ ಮಾತಾಡಿದೆ. ಅದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿದೆ, ಬಿ.ಪಿ.ಎಲ್. ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಅದನ್ನು ಬಿಡುವ ಹಕ್ಕು ನಮಗಿಲ್ಲವೆಂದೆ. ತೋಟದ ವಿಷಯ ಬೇರೆ. ಆ ಎಲೆಯ ಮೇಲೆ ಮಗುವಿನ ತಮ್ಮನೂ ಬದುಕಬೇಕು. ಯಾರೂ ಕೊಡಲಾಗದ ಭರವಸೆಗೆ ಅದನ್ನು ಮಾರುವುದು ಪ್ರೀತಿಯ ಅಳತೆಗೋಲಲ್ಲ. ಮುಂದೆ ನೋವು ಹೆಚ್ಚಿದರೆ ಉಚಿತವಾಗಿ ಶುಶ್ರೂಷೆ ನೀಡುವ ಕರುಣಾಶ್ರಯವಿದೆ ಎಂದೂ ತಿಳಿಸಿದೆ. ಅವರು ಏನೂ ಹೇಳದೆ ಎದ್ದು ಹೋದರು.

ಚಿಕಿತ್ಸೆಯ ನಂತರ ಮಗು ಐದು ತಿಂಗಳು ನೆಟ್ಟಗೆ ನಡೆದಳು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವಾಗ ತಂದೆಯ ಪಕ್ಕದಲ್ಲೇ ಕೂರುತ್ತಿದ್ದಳು. ಮರುವರ್ಷದ ತಪಸ್ಸು ಕಾಲದಲ್ಲಿ ತೀರಿಕೊಂಡಳು. ತೋಟ ಉಳಿದಿದೆ. “ಮಾರಿದ್ದರೆ?” ಎಂದು ಅವರು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಕೇಳಬೇಡಿ ಎಂದು ನಾನು ಹೇಳುವುದಿಲ್ಲ.