ಒಳ್ಳೆಯದಕ್ಕೂ ಒಂದು ಎಲ್ಲೆ

ಒಳ್ಳೆಯದೆಂದು ನಾವು ಕರೆಯುವುದು ಎಲ್ಲ ಕಾಲಕ್ಕೂ, ಎಲ್ಲ ಎಡೆಯಲ್ಲೂ ಒಳ್ಳೆಯದಾಗಿಯೇ ಉಳಿಯುತ್ತದೆಯೆ? ಪ್ರಶ್ನೆ ಹಳೆಯದು. ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕುವವರು ಹುಡುಕಲಿ. ವಿಜ್ಞಾನದ ಪದವಿ ಪಡೆದು ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಅದು ನಮ್ಮ ರಕ್ತದಲ್ಲಿಯೇ ಬರೆದಿಟ್ಟಂತೆ ತೋರುತ್ತದೆ.

ನಮ್ಮ ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯನ್ನೇ ನೋಡೋಣ. ರೈಲು, ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರನ್ನು ಅಲ್ಲಿಗೆ ತರುತ್ತಾರೆ. ಅವರ ಪಾಲಿಗೆ ರಕ್ತ ಹೆಪ್ಪುಗಟ್ಟುವುದೇ ಸಂಜೀವಿನಿ. ಅಲ್ಲಿಯೇ ಬೇರೆ ವಾರ್ಡುಗಳಲ್ಲಿ ಹೆರಿಗೆಯಾದವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಲಗಿರುತ್ತಾರೆ. ಇವರ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ರಕ್ತ ಮಾಡಿದ್ದು ಎರಡು ಕಡೆಯೂ ಒಂದೇ ಕೆಲಸ.

ಈ ಕೆಲಸಕ್ಕೆ ಕೈಜೋಡಿಸುವ ಒಂದು ಪುಟ್ಟ ವಸ್ತುವಿನ ಕಥೆ ಸ್ವಾರಸ್ಯವಾದದ್ದು. 1946ರಲ್ಲಿ ಅಮೆರಿಕದ ಶಾರ್ಗಾಫ್ ಮತ್ತು ವೆಸ್ಟ್ ಎಂಬಿಬ್ಬರು ರಕ್ತದ ಪ್ಲಾಸ್ಮಾವನ್ನು ಯಂತ್ರದಲ್ಲಿ ಅತಿವೇಗವಾಗಿ ತಿರುಗಿಸಿ, ತಳದಲ್ಲಿ ಕುಳಿತ ಗಷ್ಟನ್ನು ಬೇರ್ಪಡಿಸಿದರು. ಅದನ್ನು ತೆಗೆದ ಮೇಲೆ ಪ್ಲಾಸ್ಮಾ ಹೆಪ್ಪುಗಟ್ಟುವುದು ತಡವಾಯಿತು. 1967ರಲ್ಲಿ ಪೀಟರ್ ವುಲ್ಫ್ ಎಂಬವರು ಇಂಥ ಗಷ್ಟಿನಲ್ಲಿ ಪ್ಲೇಟ್‌ಲೆಟ್‌ಗಳಿಂದ ಉದುರಿದ ಸೂಕ್ಷ್ಮಕಣಗಳಿವೆಯೆಂದು ತೋರಿಸಿ, ಅದನ್ನು ‘ಪ್ಲೇಟ್‌ಲೆಟ್ ಧೂಳು’ ಎಂದು ಕರೆದರು. ಒಂದೊಂದು ಕಣವೂ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಚಿಕ್ಕದು.

ಧೂಳೆಂದರೆ ಗುಡಿಸಿ ಹಾಕುವ ವಸ್ತು. ಆದರೆ ಇದು ಅಂಥದ್ದಲ್ಲ. ಜೀವಕೋಶದ ಪೊರೆಯ ಒಳಮೈಯಲ್ಲಿ ಅಡಗಿರುವ ಫಾಸ್ಫಟಿಡೈಲ್ ಸೆರೀನ್ ಎಂಬ ಕೊಬ್ಬಿನಂಶ ಈ ಕಣಗಳಲ್ಲಿ ಹೊರಮೈಗೆ ಬಂದಿರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಬಂದು ಕುಳಿತು ಕೆಲಸ ಮಾಡಲು ಅದೊಂದು ಜಗಲಿಯಿದ್ದಂತೆ. ಆ ಕೊಬ್ಬು ಹೊರಗೆ ಬಾರದ, ಕಣಗಳೂ ಸರಿಯಾಗಿ ಉದುರದ ಅಪರೂಪದ ರೋಗವೊಂದು 1979ರಲ್ಲಿ ವರದಿಯಾಯಿತು. ಅದಕ್ಕೆ ಸ್ಕಾಟ್ ಸಿಂಡ್ರೋಮ್ ಎಂದು ಹೆಸರು. ಅಂಥವರಿಗೆ ಹಲ್ಲು ಕೀಳಿಸಿದರೂ ರಕ್ತ ಅತಿಯಾಗಿ ಹರಿಯಬಹುದು. ಇತ್ತ, ಕೆಲವು ಕ್ಯಾನ್ಸರ್ ಗೆಡ್ಡೆಗಳಿಂದ ಉದುರುವ ಕಣಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಹೊತ್ತು ತಿರುಗುತ್ತವೆ. ಗಾಯವೇ ಇಲ್ಲದ ಅಭಿಧಮನಿಯಲ್ಲಿ ಹೆಪ್ಪಿಗೆ ನೆರವಾಗಬಲ್ಲವು. ಆದರೂ ರೋಗಿಯಲ್ಲಿ ಕಣಗಳು ಹೆಚ್ಚಿದ್ದು ಹೆಪ್ಪಿಗೆ ಕಾರಣವೋ, ಹೆಪ್ಪಿನ ಪರಿಣಾಮವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಸ್ಥಳದಲ್ಲಿ ಸಿಕ್ಕಿದವರೆಲ್ಲ ಅಪರಾಧಿಗಳಲ್ಲವಷ್ಟೆ.

ಹಾಗಾದರೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವೇ ಇಲ್ಲವೆ? ಹಾಗೆನ್ನುವುದು ಆತುರದ ಮಾತು. ಥ್ರಾಂಬಿನ್ ಎಂಬ ಪ್ರೋಟೀನು ಗಾಯದ ಬಳಿ ಹೆಪ್ಪು ಕಟ್ಟಿಸುತ್ತದೆ. ಅದೇ ಥ್ರಾಂಬಿನ್ ಗಾಯದ ಅಂಚನ್ನು ದಾಟಿ, ಆರೋಗ್ಯವಾಗಿರುವ ರಕ್ತನಾಳದ ಗೋಡೆಯನ್ನು ಮುಟ್ಟಿತೆಂದರೆ, ಅಲ್ಲಿಯ ಇನ್ನೊಂದು ಪ್ರೋಟೀನಿನೊಡನೆ ಕೂಡಿಕೊಂಡು ಹೆಪ್ಪನ್ನು ತಡೆಯುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಗಾಯ ಎಲ್ಲಿ ಮುಗಿಯಿತೆಂಬುದನ್ನು ತಿಳಿದುಕೊಳ್ಳುವುದೂ ಒಳ್ಳೆಯತನದ ಭಾಗವೆಂದು ಶರೀರ ಹೇಳುವಂತಿದೆ. ಆ ಅರಿವು ತಪ್ಪಿದಲ್ಲಿ ರಕ್ಷಣೆಯೇ ರೋಗವಾಗುತ್ತದೆ.

ನಮ್ಮ ವ್ಯವಹಾರಗಳಲ್ಲೂ ಇದು ಸುಳ್ಳಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ಕುರ್ಚಿಗಳ ಮೇಲೆ ಇರುಳಿಡೀ ಕುಳಿತಿರುತ್ತಿದ್ದರು. ಹಾಗೆ ಕುಳಿತವರಲ್ಲಿ ಕೆಲವರು ಶ್ವಾಸಕೋಶಕ್ಕೆ ಹೆಪ್ಪು ನುಗ್ಗಿ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಅದೇ ವರ್ಷ ಬರೆದರು. ಬಾಂಬಿನಿಂದ ಕಾಯ್ದ ತಾಣದಲ್ಲಿ ಅಲುಗಾಡದೆ ಕುಳಿತದ್ದೇ ಮುಳುವಾಯಿತು.

ನಮ್ಮ ಮನೆಗಳಲ್ಲಿ ಬಾಣಂತನ ನಡೆಯುವ ಬಗೆಯನ್ನು ಯೋಚಿಸೋಣ. ಮಗಳ ಹೆರಿಗೆಗೆಂದು ಊರಿನಿಂದ ತಾಯಿ ಬರುತ್ತಾರೆ. ಇಲ್ಲಿ ಹಿತ್ತಲಿಲ್ಲ, ಬಚ್ಚಲ ಹಂಡೆಯಿಲ್ಲ, ನೆರವಿಗೆ ನಾಲ್ಕು ಜನ ಬಂಧುಗಳಿಲ್ಲ. ಕೊಡಲು ಉಳಿದಿರುವುದು ಅಕ್ಕರೆಯೊಂದೇ. “ನೆಲಕ್ಕೆ ಕಾಲಿಡಬೇಡ ಮಗಳೇ” ಎನ್ನುವ ಆ ಮಾತಿನಲ್ಲಿ ಊರನ್ನೇ ಹೊತ್ತು ತಂದ ಪ್ರೀತಿಯಿದೆ. ಆದರೆ ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟುವ ಅಪಾಯ ಹೆರಿಗೆಯಾದ ಮೊದಲ ಆರು ವಾರಗಳಲ್ಲಿಯೇ ಹೆಚ್ಚು. ವೈದ್ಯರು ಬೇಗ ಎದ್ದು ನಡೆಯಿರಿ ಎನ್ನುವುದು ಅದಕ್ಕಾಗಿ. ಅಷ್ಟು ದೂರದಿಂದ ಬಂದ ತಾಯಿಗೆ ಇದನ್ನು ಹೇಳುವವರು ಯಾರು? ಹೇಳಿದರೆ ಅವರ ಅಕ್ಕರೆಯನ್ನೇ ತಿರಸ್ಕರಿಸಿದಂತಾಗುವುದಿಲ್ಲವೆ?

ಆಗುವುದಿಲ್ಲವೆಂದೇ ನಮ್ಮ ಭಾವನೆ. ಪ್ರೀತಿಯನ್ನು ಕಡಿಮೆ ಮಾಡಿರೆಂದು ಯಾರೂ ಕೇಳುತ್ತಿಲ್ಲ. ಅದರ ಕೈಗೆ ಬೇರೊಂದು ಕೆಲಸ ಕೊಡೋಣ ಎನ್ನುತ್ತೇವೆ. ಮಲಗಿಸುವ ಕೈಯೇ ಮಗಳ ತೋಳು ಹಿಡಿದು ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆಸಲಿ. ಹಾಗೆಂದು ನಡೆದಾಡಬೇಕೆಂಬ ಮಾತನ್ನೇ ನೆಪ ಮಾಡಿಕೊಂಡು ಹಸಿಮೈಯ ಸೊಸೆಯನ್ನು ಒಲೆಯ ಮುಂದೆ ನಿಲ್ಲಿಸುವುದು ಇನ್ನೊಂದು ಅತಿ. ನಡಿಗೆ ಬೇರೆ, ದುಡಿಮೆ ಬೇರೆ.

ಬಾಣಂತಿಗಾಗಲಿ, ಶಸ್ತ್ರಚಿಕಿತ್ಸೆಯಾದ ಹಿರಿಯರಿಗಾಗಲಿ, ಊರಿಗೆ ಹೋಗುವ ಬಸ್ಸಿನಲ್ಲಿ ಇರುಳಿಡೀ ಕುಳಿತವರಿಗಾಗಲಿ, ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಊರಿನಿಂದ ಬರುವ ತಾಯಂದಿರಿಗೆ ಇಷ್ಟನ್ನು ಮೊದಲ ದಿನವೇ, ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತು, ಸಮಾಧಾನವಾಗಿ ಹೇಳಿಟ್ಟರೆ ಸಾಕು.